ಗೋಪುರದ ಹಿಂದಿನ ಬಾಗಿಲು

ಎರ್ಲೆನ್‌ಡಾರ್ಫ್, ಟ್ರಾನ್ಸಿಲ್ವೇನಿಯಾ
ಏಪ್ರಿಲ್ 14, 2009, ಈಸ್ಟರ್ ಕಳೆದ ಮಂಗಳವಾರ

ಪ್ರೀತಿಯ ಮಿಷ್,

ನಿನ್ನ ಕಣ್ಣು ಪೂರ್ತಿ ಹೋಯಿತೆಂದು ಹೆರ್ತಾ ಹೇಳಿದಳು. ಹಾಗಾಗಿ ಇದನ್ನು ಅವಳೇ ನಿನಗೆ ಓದುತ್ತಾಳೆ. ಚಿಕ್ಕಂದಿನಿಂದಲೂ ಅವಳಿಗೆ ಓದುವಾಗ ಅವಸರ, ಸಾಲು ನುಂಗಿಬಿಡುತ್ತಾಳೆ. ನಿಧಾನಕ್ಕೆ ಓದು ಎಂದು ಗದರಿಸು. ಮಗಳ ಬಾಯಲ್ಲಿ ಹೆಂಡತಿಯ ಮಾತು ಕೇಳುವುದು ನಿನಗೆ ಹೇಗೆ ಅನ್ನಿಸುತ್ತದೋ ಗೊತ್ತಿಲ್ಲ. ಬರೆಯುವಾಗ ನನಗಂತೂ ಮುಜುಗರವಾಗುತ್ತಿದೆ.

ಈಸ್ಟರ್ ಹಿಂದಿನ ದಿನ ಅವಳು ಪಕ್ಕದ ಮನೆಯ ಲೆನೂತ್ಸಾಳ ಫೋನಿಗೆ ಕರೆ ಮಾಡಿದ್ದಳು. ನಾನು ಕೋಳಿಗೆ ಕಾಳು ಹಾಕುತ್ತಿದ್ದವಳು ಬೇಲಿಯ ಹತ್ತಿರ ಓಡಿದೆ. "ಅಮ್ಮಾ, ಗೋಪುರ ಬಿದ್ದ ವಿಷಯ ಅಪ್ಪಂಗೆ ಗೊತ್ತಾಗ್ಬಿಟ್ಟಿದೆ. ಇಲ್ಲಿ ವೃದ್ಧಾಶ್ರಮದಲ್ಲಿ ನಮ್ಮೂರಿನವರು ಯಾರೋ ಹೇಳ್ಬಿಟ್ರು. ಊಟ ಬೇಡ, ಔಷಧಿ ಬೇಡ ಅಂತಾರೆ. ಒಂದೇ ಮಾತು, ಹಿಂದಿನ ಗೋಡೇಲಿ ಏನಿತ್ತು, ಆಗ್ನೆಥಾನ್ನ ಕೇಳು, ಅವಳು ನೋಡಿರ್ತಾಳೆ ಅಂತ. ಏನಿತ್ತಮ್ಮಾ?" ಎಂದಳು. ಅದು ಫೋನಿನಲ್ಲಿ ಹೇಳುವಂಥದ್ದಲ್ಲ, ಕಾಗದ ಬರೆಯುತ್ತೇನೆ ಎಂದೆ. ನಿನ್ನ ಎದೆಯಲ್ಲಿ ನೀರು ತುಂಬಿದೆಯೆಂದೂ ವೈದ್ಯರು ಹೆಚ್ಚು ದಿನ ಇಲ್ಲ ಅಂದರೆಂದೂ ಆಮೇಲೆ ಹೇಳಿದಳು. ನಾನು ಇದನ್ನು ಬರೆಯುತ್ತಿರುವುದರಿಂದ ಹೆರ್ತಾ ಮುಜುಗರಪಡಬೇಕಾಗಿಲ್ಲ. ನಿನಗೆ ಗೊತ್ತಿರದ ಸಂಗತಿಯೇನಲ್ಲ.

ಆದರೆ ಉತ್ತರ ಮೊದಲೇ ಹೇಳುವುದಿಲ್ಲ. ಲೆಕ್ಕದಲ್ಲಿ ಬರೀ ಉತ್ತರ ಬರೆದ ಮಕ್ಕಳಿಗೆ ನೀನು ಸೊನ್ನೆ ಕೊಡುತ್ತಿದ್ದೆಯಲ್ಲ, "ದಾರಿ ಎಲ್ಲಿ? ದಾರಿ ತೋರ್ಸು" ಅಂತ. ದಾರಿಯನ್ನೇ ಹೇಳುತ್ತೇನೆ, ಕೇಳು.

ಈ ಸಲ ಚಳಿ ವಿಪರೀತ. ಹಿಮ ಬಿದ್ದದ್ದು ಕರಗಿ, ಮತ್ತೆ ಕಟ್ಟಿ, ಮತ್ತೆ ಕರಗಿತು. ಭೂಕಂಪದಲ್ಲಿ ಬಿಟ್ಟ ಆ ಉದ್ದನೆಯ ಬಿರುಕು ನಿನಗೆ ನೆನಪಿದೆ. ಅದಾದ ಮೇಲೆ ಊರೆಲ್ಲ ಸೇರಿ, ಹಾಡು ಹೇಳಿಕೊಂಡು, ಗೋಪುರಕ್ಕೆ ಬುಡದಿಂದ ತುದಿವರೆಗೆ ಸಿಮೆಂಟು ಮೆತ್ತಿದರು. ಹಳೆಯ ಸುಣ್ಣದ ಗಾರೆಯ ಮೇಲೆ ಸಿಮೆಂಟು ಕೂರಿಸಬೇಡಿ, ಒಳಗಿನ ನೀರು ಒಳಗೇ ಉಳಿಯುತ್ತದೆ ಎಂದು ನೀನೊಬ್ಬ ಕೂಗಾಡಿದೆ. ಯಾರೂ ಕೇಳಲಿಲ್ಲ. ಮೂವತ್ತು ವರ್ಷ ಆ ನೀರು ಒಳಗೇ ಕೂತು ಗಾರೆಯನ್ನೆಲ್ಲ ಮರಳು ಮಾಡಿತು. ಬಿರುಕು ಅಗಲವಾದರೆ ಒಡೆದು ತಿಳಿಸಲೆಂದು, ನೀನು ಕಲಿಸಿಕೊಟ್ಟಂತೆ, ಅದರ ಮೇಲೆ ಗಾಜಿನ ಪಟ್ಟಿ ಅಂಟಿಸಿಟ್ಟಿದ್ದೆ. ಕ್ರಿಸ್‌ಮಸ್ಸಿಗೆ ಒಂದು ಒಡೆದಿತ್ತು. ಹೊಸದು ಅಂಟಿಸಿದೆ. ಅದು ಜನವರಿಯಲ್ಲಿ ಒಡೆಯಿತು. ಆಮೇಲೆ ಗಾಜು ಅಂಟಿಸುವುದನ್ನೇ ಬಿಟ್ಟೆ. ಕಾಯಿಲೆಯವರ ಜ್ವರವನ್ನು ಎಷ್ಟು ಸಲ ಅಂತ ನೋಡುವುದು?

ಪಾದ್ರಿಗಳು ಬಂದಾಗ ತೋರಿಸಿದೆ. ಈಗಿನವರು ಚಿಕ್ಕ ವಯಸ್ಸಿನವರು, ಒಳ್ಳೆಯವರೇ. ಹಳೇ ಕಾರಿನಲ್ಲಿ ಊರೂರು ತಿರುಗಿ ನಮ್ಮಂಥ ಮುದುಕಿಯರಿಗೆ ಪ್ರಾರ್ಥನೆ ಮಾಡಿಸಿ ಹೋಗುತ್ತಾರೆ. ಬಿರುಕಿನೊಳಗೆ ಕೈ ಹಾಕಿ ನೋಡಿ ಕೈ ಒರೆಸಿಕೊಂಡರು. "ಅಮ್ಮಾ, ನನ್ನ ಕೈಲಿರೋ ಚರ್ಚುಗಳೆಲ್ಲ ಹೀಗೇನೇ. ಎಲ್ಲ ಕಡೆ ಬಿರುಕು. ಜನ ಇರೋ ಕಡೆ ಮೊದಲು ರಿಪೇರಿ ಮಾಡಿಸ್ಬೇಕಲ್ವಾ? ಇಲ್ಲಿ ಪ್ರಾರ್ಥನೆಗೆ ಬರೋರು ಯಾರಿದಾರೆ ಹೇಳಿ" ಅಂದರು.

"ನಾನಿದೀನಿ."

"ನೀವೊಬ್ರೇ."

"ದೇವರೂ ಒಬ್ನೇ ಅಲ್ವಾ?" ಎಂದೆ. ನಕ್ಕರು. ನಕ್ಕು, ನನ್ನ ಭುಜ ತಟ್ಟಿ, ಕಾರು ಹತ್ತಿ ಹೋದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ನನಗೆ ಶಕ್ತಿ ಇರಲಿಲ್ಲ.

ಮಾರ್ಚಿನಲ್ಲಿ ಗೋಡೆಯೊಳಗಿಂದ ಸದ್ದು ಶುರುವಾಯಿತು. ಚೀಲ ತೂತಾಗಿ ಗೋಧಿ ಸುರಿದ ಹಾಗೆ. ಬೇಲಿಯಾಚೆಯಿಂದ ಲೆನೂತ್ಸಾ, "ಅಕ್ಕಾ, ನಿಮ್ಮ ಗೋಪುರ ಬೆಳಗ್ಗೆಯಿಂದ ಹಲ್ಲು ಕಡೀತಾ ಇದೆ. ಜಂತುಹುಳಕ್ಕೆ ಔಷಧಿ ಹಾಕ್ಸಿ" ಎಂದು ನಕ್ಕಳು. ಅವಳ ಬಾಯಿ ನಿನಗೆ ಗೊತ್ತಲ್ಲ. ನಾನು ಬಟ್ಟೆ ಒಣಹಾಕುತ್ತಿದ್ದೆ. ಆ ಹೊತ್ತಿಗೆ ಗಡಿಯಾರಕ್ಕೆ ಕೀಲಿ ಕೊಡಲು ಗೋಪುರ ಹತ್ತಿರಬೇಕಿತ್ತು. ಸೊಂಟ ಹಿಡಿದುಕೊಂಡಿತ್ತು, ಆಮೇಲೆ ಹತ್ತಿದರಾಯಿತೆಂದು ಬಟ್ಟೆಗೆ ಕೈಹಾಕಿದ್ದೆ.

ಅದು ಬಿದ್ದದ್ದನ್ನು ನಾನು ನೋಡಲಿಲ್ಲ ಮಿಷ್. ಹಸಿ ಹಾಸಿಗೆವಸ್ತ್ರವೊಂದು ನನ್ನ ಕಣ್ಣಿಗೆ ಅಡ್ಡವಾಗಿತ್ತು. ಲಾರಿಯಿಂದ ಕಲ್ಲು ಸುರಿದ ಸದ್ದು ಕೇಳಿಸಿತು, ಕಾಲ ಕೆಳಗಿನ ನೆಲ ಸರಿಯಿತು. ಗಂಟೆಗಳು ಮೇಲಿವೆಯಲ್ಲ, ಅವುಗಳ ಸದ್ದು ಈಗ ಬರುತ್ತದೆ, ಈಗ ಬರುತ್ತದೆ ಎಂದು ನಿಂತೇ ಇದ್ದೆ. ಬರಲಿಲ್ಲ. ಐನೂರು ವರ್ಷ ಬಾರಿಸಿದ ಗಂಟೆ ಬೀಳುವಾಗ ಒಂದು ಸದ್ದೂ ಮಾಡಲಿಲ್ಲ. ವಸ್ತ್ರ ಸರಿಸಿ ನೋಡಿದರೆ, ಮದುವೆಯಾಗಿ ಬಂದ ದಿನದಿಂದ ಗೋಪುರವಿದ್ದ ಜಾಗದಲ್ಲಿ ಆಕಾಶವಿತ್ತು. ಅಷ್ಟು ಆಕಾಶವನ್ನು ಆ ಕಡೆ ನಾನೆಂದೂ ಕಂಡಿರಲಿಲ್ಲ.

ಲೆನೂತ್ಸಾ ಧೂಳಿನೊಳಗಿಂದ ಓಡಿಬಂದು ನನ್ನನ್ನು ತಬ್ಬಿಕೊಂಡಳು. "ಬದುಕಿದೀರಾ ಅಕ್ಕಾ! ನೀವು ಒಳಗಿದೀರಿ ಅಂದ್ಕೊಂಡು ನಿಮ್ಮ ಆತ್ಮಕ್ಕೆ ಶಾಂತಿ ಕೋರಿನೂ ಆಗ್ಹೋಯ್ತು!" ಅಳುತ್ತಲೇ ಅಂದಳು. ಒಳಗಿದ್ದರೇ ಚೆನ್ನಾಗಿತ್ತು ಎಂದು ಆ ಮೇಲೆ ನನಗೆ ಎಷ್ಟೋ ಬೆಳಗುಗಳಲ್ಲಿ ಅನ್ನಿಸಿದೆ. ಇದನ್ನು ಓದಿ ಹೆರ್ತಾ ಗಾಬರಿಯಾಗುವುದು ಬೇಡ. ಅನ್ನಿಸಿದ್ದನ್ನು ಹೇಳಿದೆ, ಅಷ್ಟೆ.

ಗೋಪುರ ಒಂದೇ ಹೋಗಲಿಲ್ಲ. ಆರ್ಗನ್ ವಾದ್ಯವಿದ್ದ ಅಟ್ಟ ಹೋಯಿತು, ಅದರ ಅಂಚಿನಲ್ಲಿ ಹೂವು ಬರೆದ ಹಲಗೆಗಳು ಹೋದವು. ಇಟ್ಟಿಗೆಯ ಬಲೆ ಹೆಣೆದಂತಿದ್ದ ಚಾವಣಿಯಲ್ಲಿ ಅರ್ಧ ಕುಸಿಯಿತು. ಬದಿಯ ಪಡಸಾಲೆಗಳನ್ನು ತುರ್ಕರ ಭಯಕ್ಕೆ ಕೆಡವಿ, ಕಮಾನುಗಳಿಗೆ ಕಲ್ಲು ತುಂಬಿ ಮುಚ್ಚಿದ್ದರಲ್ಲ, ಅವು ಹಾಗೇ ನಿಂತಿವೆ. ಕಣ್ಣು ಮುಚ್ಚಿ ನಿಂತವರ ಹಾಗೆ. ಸುತ್ತಿನ ಕೋಟೆಗೋಡೆಗೆ ಏನೂ ಆಗಿಲ್ಲ. ಅದರೊಳಗೆ ನಮ್ಮ ಮನೆತನಕ್ಕಿದ್ದ ಕಾಳಿನ ಕೋಣೆಗೂ ಏನೂ ಆಗಿಲ್ಲ. ಯಾವ ಶತ್ರುವಿನಿಂದ ಕಾಯಲೆಂದು ಅಷ್ಟು ದಪ್ಪ ಗೋಡೆ ಕಟ್ಟಿದರೋ ಅವನು ಬರಲೇ ಇಲ್ಲ. ಗಡಿ ತೆರೆದದ್ದೇ ತಡ, ಊರವರೇ ಬಸ್ಸು ಹತ್ತಿ ಪೂರ್ವಜರ ದೇಶಕ್ಕೆ ಹೋದರು.

ಇದನ್ನು ನಿನ್ನನ್ನು ಚುಚ್ಚಲು ಬರೆಯಲಿಲ್ಲ. ಆ ತೊಂಬತ್ತನೆಯ ಇಸವಿಯ ಬೇಸಿಗೆಯನ್ನು ನೆನೆದರೆ ಇಂದಿಗೂ ನನಗೆ ಯಾರ ಮೇಲೂ ಕೋಪ ಬರುವುದಿಲ್ಲ. ಬೀದಿಯಲ್ಲಿ ದಿನಾ ಒಂದು ಮನೆ ಖಾಲಿ. ಹಂಸದ ಪುಕ್ಕದ ಹಾಸಿಗೆಗಳನ್ನು ಬೇಲಿಯ ಮೇಲೆ ಬಿಟ್ಟು ಹೋದರು. ನನ್ನ ಅಮ್ಮ ಹಾಸಿಗೆ ಹಿಡಿದಿದ್ದಳು, ನಾನು ಹೊರಡುವಂತಿರಲಿಲ್ಲ. ಚರ್ಚಿನ ಮುಂದೆ ನಿಂತು ನೀನು, "ಒಂದೇ ವರ್ಷ ಆಗ್ನೆಥಾ. ಅಲ್ಲಿ ಒಳ್ಳೆ ಗ್ರಂಥಾಲಯಗಳಿವೆ. ನಮ್ಮ ಚರ್ಚಿನ ಪುಸ್ತಕ ಬರೆದು ಮುಗಿಸ್ತೀನಿ, ವಾಪಸ್ ಬರ್ತೀನಿ. ಇಲ್ಲಾಂದ್ರೆ ಅಮ್ಮ ಹೋದ್ಮೇಲೆ ನೀನು ಬಾ" ಎಂದೆ. ಅಷ್ಟರಲ್ಲಿ ಚರ್ಚು ನೋಡಿಕೊಳ್ಳುತ್ತಿದ್ದ ಮುದುಕ ಡೆಪ್ನರ್ ಬಂದು ಅದರ ಕೀಲಿಕೈ ನನ್ನ ಕೈಗೆ ಹಾಕಿದ. "ನೀನು ಇರ್ತೀಯಲ್ಲ ತಾಯಿ, ಇಟ್ಕೋ. ನಾಳೆ ನಾನೂ ಹೊರಟೆ" ಅಂದ. ಅಮ್ಮ ಮರುವರ್ಷ ತೀರಿಕೊಂಡಳು. ಬಾ ಎಂದು ನೀನು ಬರೆದೆ, ನಾನು ಬರಲಿಲ್ಲ. ಬಾ ಎಂದು ನಾನು ಬರೆದೆ, ನೀನು ಬರಲಿಲ್ಲ. ಜಗಳವಾಡಲಿಲ್ಲ, ಕೋರ್ಟಿಗೆ ಹೋಗಲಿಲ್ಲ. ಕ್ರಿಸ್‌ಮಸ್ಸಿಗೆ ಒಂದು ಕಾರ್ಡು. ಮದುವೆಯೊಂದು ಹೀಗೂ ಮುಗಿಯುತ್ತದೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನೀನು ಯಾಕೆ ಬರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಪುಸ್ತಕ ಮುಗಿಯಲಿಲ್ಲ. ಬಾಗಿಲು ಸಿಗದೆ ಪುಸ್ತಕ ಮುಗಿಯುವಂತಿರಲಿಲ್ಲ.

ಹೆರ್ತಾ, ನಿನಗೆ ಇದು ಅಷ್ಟಾಗಿ ಗೊತ್ತಿರಲಾರದು, ಹೇಳುತ್ತೇನೆ. ನಮ್ಮ ಚರ್ಚಿಗೆ ದಕ್ಷಿಣದ ಕಡೆ ಮಾತ್ರ ಬಾಗಿಲು. ಪಶ್ಚಿಮದಲ್ಲಿ ಗೋಪುರ, ಅದರ ತಳದಲ್ಲಿ ಬರೀ ಕತ್ತಲೆಯ ಕೋಣೆ. ಅಲ್ಲಿಂದ ಚರ್ಚಿನೊಳಕ್ಕೆ ದಾರಿಯಿಲ್ಲ. ಅಷ್ಟು ಹಳೆಯ ಚರ್ಚಿಗೆ ಪಶ್ಚಿಮದ ಬಾಗಿಲಿಲ್ಲದೆ ಇರಲು ಸಾಧ್ಯವೇ ಇಲ್ಲ ಎಂದು ನಿನ್ನಪ್ಪ. ಮೊದಲು ಚರ್ಚು, ಅದಕ್ಕೆ ಕೆತ್ತನೆಯ ಹೆಬ್ಬಾಗಿಲು. ಮುನ್ನೂರು ವರ್ಷದ ಮೇಲೆ ಯುದ್ಧದ ಕಾಲದಲ್ಲಿ ಅದರ ಮುಂದೆ ಗೋಪುರ ಎಬ್ಬಿಸಿ ಬಾಗಿಲನ್ನು ಹೂತುಬಿಟ್ಟರು ಎಂದು ಅವನ ವಾದ. ಭಾನುವಾರ ಎಲ್ಲರೂ ಮನೆಗೆ ಹೋದ ಮೇಲೆ ಮರದ ಸುತ್ತಿಗೆಯಿಂದ ಗೋಡೆ ತಟ್ಟುತ್ತಿದ್ದ. "ಕೇಳಿಸ್ತಾ? ಇಲ್ಲಿ ಪೊಳ್ಳು. ಕೇಳಿಸ್ತಾ ಆಗ್ನೆಥಾ?" ನನಗೆ ಕೇಳಿಸಲಿಲ್ಲ ಎಂದದ್ದಕ್ಕೆ ಊಟಕ್ಕೆ ಬಂದರೂ ಮಾತಾಡಿರಲಿಲ್ಲ. ಗೋಡೆಯಲ್ಲಿ ಸಣ್ಣ ತೂತು ಕೊರೆದು ನೋಡಲು ಅನುಮತಿ ಕೇಳಿದರೆ ಡೆಪ್ನರ್, "ಮೇಷ್ಟ್ರೇ, ಗೋಡೆಗೆ ತೂತು ಕೊರೆಯೋ ಬದ್ಲು ನಮ್ಮ ಹುಡುಗ್ರ ತಲೆಗೆ ಕೊರೀರಿ, ಸ್ವಲ್ಪ ಗಾಳಿಯಾದ್ರೂ ಆಡ್ಲಿ" ಅಂದ. ಊರೆಲ್ಲ ನಕ್ಕಿತು. ಅದನ್ನು ಅಪ್ಪ ತಡೆದುಕೊಂಡ.

ತಡೆಯಲಾಗದ್ದು ಇನ್ನೊಂದು. ಪಟ್ಟಣದ ಸಭೆಯಲ್ಲಿ ನಿನ್ನ ಪ್ರಬಂಧ ಓದಿದೆಯಲ್ಲ ಮಿಷ್, ನಾನೂ ಬಂದಿದ್ದೆ. ಹೊಸ ಕೋಟು ಹಾಕಿದ್ದೆ ನೀನು. ಮುಗಿದ ಮೇಲೆ ಆ ಪ್ರೊಫೆಸರು ಎದ್ದು, "ಮೇಷ್ಟ್ರೇ, ಬಹಳ ಚೆನ್ನಾಗಿದೆ. ನಿಮ್ಮ ಬಾಗಿಲನ್ನ ಒಂದ್ಸಲ ತೆಗೆದು ತೋರ್ಸಿ, ನಾವೂ ಒಳಗೆ ಬರ್ತೀವಿ" ಎಂದ. ಸಭೆ ನಕ್ಕದ್ದಕ್ಕಿಂತ, ಆ ನಗುವಿನ ಜೊತೆ ನೀನೂ ನಕ್ಕದ್ದು ನನಗೆ ಹೆಚ್ಚು ಚುಚ್ಚಿತು. ರೈಲಿನಲ್ಲಿ ಊರು ತಲುಪುವವರೆಗೂ ನೀನು ಕಿಟಕಿಯ ಕಡೆ ತಿರುಗಿ ಕೂತಿದ್ದೆ.

ಈಗ ಉತ್ತರ.

ಗೋಪುರ ಬಿದ್ದ ಮೇಲೆ ಧೂಳು ಗೋಡೆಗೆ ಮೆತ್ತಿಕೊಂಡಿತ್ತು, ಏನೂ ಕಾಣುತ್ತಿರಲಿಲ್ಲ. ಮಳೆ ಬಂದು ತೊಳೆಯಿತು. ಮಧ್ಯಾಹ್ನದ ಬಿಸಿಲಿಗೆ ಕಲ್ಲಿನ ರಾಶಿ ಹತ್ತಿ ಹೋದೆ. ಸೊಂಟವನ್ನು ಕೈಯಲ್ಲಿ ಹಿಡಿದುಕೊಂಡೇ ಹತ್ತಿದೆನೆನ್ನು. ಗೋಪುರದ ಕಲ್ಲು ಚರ್ಚಿನ ಗೋಡೆಗೆ ಎಲ್ಲೂ ಹೆಣೆದುಕೊಂಡಿರಲಿಲ್ಲ ಮಿಷ್. ಸುಮ್ಮನೆ ಒರಗಿ ನಿಂತಿತ್ತು, ನೀನು ಹೇಳಿದ ಹಾಗೆಯೇ. ಒರಗಿದ್ದು ಸರಿದುಹೋದಾಗ ಹಿಂದಿದ್ದದ್ದು ಕಂಡಿತು.

ಬಾಗಿಲು ಇತ್ತು. ಒಂದರೊಳಗೊಂದು ಮೂರು ಅರೆಸುತ್ತಿನ ಕಮಾನು. ಒಳಗಡೆ ಹೊಳೆಗಲ್ಲು ತುಂಬಿ ಮುಚ್ಚಿದ್ದರು. ಕಮಾನಿನ ಕಲ್ಲು ಮರಳುಗಲ್ಲು, ಬೆಣ್ಣೆಯ ಬಣ್ಣ. ಕಂಬಗಳ ತಲೆಯ ಮೇಲೆ ಮಡಿಸಿದ ಎಲೆಗಳು. ಎಡಗಡೆ ಒಂದು ಪುಟ್ಟ ಸಿಂಹ, ಬಾಯಲ್ಲಿ ದ್ರಾಕ್ಷಿಗೊಂಚಲು. ಒಳಮೂಲೆಯಲ್ಲಿ ಕೆಂಪು ಬಣ್ಣ ಇನ್ನೂ ಅಂಟಿಕೊಂಡಿತ್ತು. ಒಂದು ವಿಷಯದಲ್ಲಿ ಮಾತ್ರ ನೀನು ತಪ್ಪಿದೆ. ಸಿಂಹ ಎರಡಲ್ಲ, ಒಂದೇ. ಬಲಗಡೆ ಇದ್ದದ್ದು ಗಡ್ಡದ ಗಂಡಸಿನ ಮುಖ. ಬಾಯಿ ಸ್ವಲ್ಪ ತೆರೆದಿತ್ತು, ಮಾತಿನ ನಡುವೆ ಯಾರೋ ತಡೆದ ಹಾಗೆ.

ನಾನು ಅದರ ಮುಂದೆ ಕೂತು ಅತ್ತೆ. ನಿನ್ನ ಸುತ್ತಿಗೆಗೆ ಕೇಳಿಸಿದ್ದು ನನ್ನ ಕಿವಿಗೆ ಕೇಳಿಸಿರಲಿಲ್ಲ.

ಅದು ಉಳಿಯಲಿಲ್ಲ. ಇದನ್ನೂ ಹೇಳಬೇಕು. ಪಟ್ಟಣದವರು ಬಂದು ನೋಡುವುದರೊಳಗೆ ಮತ್ತೆ ಹಿಮ ಕಟ್ಟಿ ಕರಗಿತು, ಆಸರೆ ತಪ್ಪಿದ ಗೋಡೆ ಮುಂದಕ್ಕೆ ಬಾಗಿ ಬಿತ್ತು. ಕಲ್ಲಿನ ರಾಶಿಯಲ್ಲಿ ಕಲ್ಲಾಯಿತು. ಫೋಟೋ ಇಲ್ಲ. ಲೆನೂತ್ಸಾಳದ್ದು ಬರೀ ಮಾತಾಡುವ ಫೋನು. ನೋಡಿದವಳು ನಾನೊಬ್ಬಳೇ. ಯಾರನ್ನೂ ನಂಬಿಸಲಾರೆ, ಆ ಪ್ರೊಫೆಸರೂ ಸತ್ತು ಎಷ್ಟೋ ಕಾಲವಾಯಿತು. ಆದರೆ ನಿನಗೆ ನನ್ನ ಕಣ್ಣು ಸಾಕಲ್ಲವೇ?

ಇನ್ನು ಇಲ್ಲಿ ಏನೂ ಇಲ್ಲ. ಗೋಪುರ ಮತ್ತೆ ಕಟ್ಟುವುದಿಲ್ಲವಂತೆ. ಪಾದ್ರಿಗಳು ನಾಲ್ಕಾರು ಜನರನ್ನು ಕರೆತಂದು ಬಲಿಪೀಠದ ಚಿತ್ರದ ಹಲಗೆಗಳನ್ನು ಕಂಬಳಿಯಲ್ಲಿ ಸುತ್ತಿ ಪಟ್ಟಣಕ್ಕೆ ಒಯ್ದರು. ದಕ್ಷಿಣದ ಬಾಗಿಲಿಗೆ ಅಡ್ಡಲಾಗಿ ಮರದ ಪಟ್ಟಿ ಹೊಡೆದರು. "ಕೀಲಿಕೈ ನೀವೇ ಇಟ್ಕೊಳ್ಳಿ ಅಮ್ಮಾ, ನೆನಪಿಗೆ" ಎಂದರು. ಯಾವುದಕ್ಕಾಗಿ ನಿನ್ನ ಜೊತೆ ಬರದೆ ಉಳಿದೆನೋ ಅದನ್ನು ಹಾಳು ಎಂದು ಕರೆದು ಒಂದು ಹಲಗೆ ತೂಗುಹಾಕಿದ್ದಾರೆ, ಹತ್ತಿರ ಹೋಗಬೇಡಿ ಅಂತ. ಈಸ್ಟರಿಗೆ ಪ್ರಾರ್ಥನೆ ನಡೆಯಲಿಲ್ಲ. ಲೆನೂತ್ಸಾ, ಅವಳ ಪಂಥದ ಈಸ್ಟರಿಗಿನ್ನೂ ವಾರವಿದ್ದರೂ, ನನಗಾಗಿ ಕೆಂಪು ಮೊಟ್ಟೆ ಬೇಯಿಸಿ ತಂದಳು. ಇಬ್ಬರೂ ಮೊಟ್ಟೆಗೆ ಮೊಟ್ಟೆ ಕುಟ್ಟಿದೆವು. ನನ್ನದು ಒಡೆಯಿತು. ಸಂಜೆ ಗಂಟೆ ಬಾರಿಸುವ ಹೊತ್ತಾದರೆ ಈಗಲೂ ಎದ್ದು ನಿಲ್ಲುತ್ತೇನೆ. ಎದ್ದ ಮೇಲೆ ಯಾಕೆ ಎದ್ದೆ ಎಂದು ತಿಳಿಯದೆ ಮತ್ತೆ ಕೂರುತ್ತೇನೆ.

ಹೆರ್ತಾ ಟಿಕೆಟ್ಟು ಕಳಿಸುತ್ತೇನೆ, ಬಾ ಎಂದಳು. ಬರಲಾರೆ ಮಿಷ್. ಸೊಂಟ ನೋವು, ಬಸ್ಸಿನಲ್ಲಿ ಅಷ್ಟು ದೂರ ಕೂರಲಾಗದು. ನನ್ನನ್ನು ಕಾಯಬೇಡ.

ಊಟ ಮಾಡು. ಮಗಳು ಕೊಟ್ಟ ಔಷಧಿ ತೆಗೆದುಕೋ. ಪುಸ್ತಕ ಮುಗಿಯಿತೆಂದು ತಿಳಿ. ಕೊನೆಯ ಅಧ್ಯಾಯವನ್ನು ನಾನು ಓದಿ ಬಂದೆ.

ನಿನ್ನವಳೇ ಆಗಿ ಉಳಿದ,
ಆಗ್ನೆಥಾ

ತಾ.ಕ. ಹೆರ್ತಾ, ಈ ಹಾಳೆ ನಿನಗೊಬ್ಬಳಿಗೆ. ಅಪ್ಪನಿಗೆ ಓದಬೇಡ.

ಬಾಗಿಲು ಇರಲಿಲ್ಲ. ಆ ಗೋಡೆ ಬಿದ್ದೂ ಇಲ್ಲ. ಇದನ್ನು ಬರೆಯುತ್ತಿರುವಾಗಲೂ ಅಡುಗೆಮನೆಯ ಕಿಟಕಿಯಲ್ಲಿ ಕಾಣುತ್ತಿದೆ, ಮೇಲಿಂದ ಕೆಳಗೆ ಬರೀ ಹೊಳೆಗಲ್ಲು, ಗಾರೆ. ಹಳೆಯ ಕಟ್ಟಡಗಳ ಕಚೇರಿಯಿಂದ ಹುಡುಗಿಯೊಬ್ಬಳು ಬಂದಿದ್ದಳು. ಗೋಡೆಯಿಂದ ಹೊರಗೆ ಚಾಚಿಕೊಂಡ ಮುರಿದ ಕಲ್ಲುಗಳನ್ನು ತೋರಿಸಿ, "ನೋಡಿ ಅಜ್ಜೀ, ಗೋಪುರದ ಕಲ್ಲೂ ಗೋಡೆಯ ಕಲ್ಲೂ ಬೆರಳಿಗೆ ಬೆರಳು ಹೆಣೆದ ಹಾಗಿವೆ. ಎರಡನ್ನೂ ಒಟ್ಟಿಗೇ ಕಟ್ಟಿದಾರೆ. ಇಲ್ಲಿ ಬಾಗಿಲು ಯಾವತ್ತೂ ಇರ್ಲಿಲ್ಲ" ಎಂದಳು. ಅವಳು ಹೋದ ಮೇಲೆ ನಾನು ಸುತ್ತಿಗೆ ತಂದು ತೋಳು ಸೋಲುವವರೆಗೆ ತಟ್ಟಿದೆ. ಎಲ್ಲೂ ಪೊಳ್ಳಿಲ್ಲ.

ಸೊಂಟ ನೋವು ನಿಜ, ಆದರೆ ಬರಲಾರದಷ್ಟಲ್ಲ. ಬಂದರೆ ಅವನು ಕೇಳುತ್ತಾನೆ, ನಾನು ಹೇಳಬೇಕು. ಕಣ್ಣು ಹೋದರೂ ನನ್ನ ದನಿಯಲ್ಲಿ ಸುಳ್ಳನ್ನು ಅವನು ಆ ಕ್ಷಣದಲ್ಲೇ ಹಿಡಿದುಬಿಡುತ್ತಾನೆ. ನಿನ್ನ ದನಿಯಲ್ಲಿ ಹಿಡಿಯಲಾರ. ಅವನನ್ನು ನೋಡಬೇಕೆಂಬ ಆಸೆ ನನಗಿಲ್ಲವೆಂದು ಮಾತ್ರ ತಿಳಿಯಬೇಡ.

ಎಲೆ, ಕೆಂಪು ಬಣ್ಣ, ದ್ರಾಕ್ಷಿ ಎಲ್ಲವೂ ನೀನು ಮಗುವಾಗಿದ್ದಾಗ ಅವನು ಊಟದ ಮೇಜಿನ ಮೇಲೆ ಬರೆಯುತ್ತಿದ್ದ ಚಿತ್ರದಲ್ಲಿದ್ದವು. ಅದರಲ್ಲಿ ಸಿಂಹ ಎರಡು. ಒಂದನ್ನು ನಾನೇ ತೆಗೆದೆ. ಎಲ್ಲವೂ ಅವನೆಣಿಸಿದಂತೆಯೇ ಇದ್ದರೆ ಅವನು ನಂಬುವ ಮನುಷ್ಯನಲ್ಲ. ಆ ಇನ್ನೊಂದು ಸಿಂಹಕ್ಕಾಗಿ ನಿನ್ನ ಜೊತೆ ವಾದಕ್ಕಿಳಿಯುತ್ತಾನೆ, ಅಮ್ಮ ಸರಿಯಾಗಿ ನೋಡಿಲ್ಲ ಅನ್ನುತ್ತಾನೆ. ಅನ್ನಲಿ, ಮಗಳೇ. ನೀನು ಸೋಲಬೇಡ.